ಅರ್ಧ ಕಳೆದು ಕೇಳುವವರ ನಡುವೆ

ಹೊನ್ನಾಳಿಯ ನಮ್ಮ ದೊಡ್ಡಮ್ಮನಿಗೆ ನನಗೆ ತಿಳಿದ ಮಟ್ಟಿಗೆ ಒಂದು ದಿನವೂ ತಲೆನೋವು ಬಂದಿಲ್ಲ. ಬಂದಾಗಲೆಲ್ಲ ತಲೆ ಸಿಡಿದು ಎರಡು ಹೋಳಾಗಿದೆ. ಅವಳಿಗೆ ಹಸಿವಾಗುವುದಿಲ್ಲ, ಜೀವ ಹೋಗುತ್ತದೆ. ನ್ಯಾಮತಿಯ ನಮ್ಮ ಮನೆಯಿಂದ ನಾನು ಬಂದು ಬಾಗಿಲಲ್ಲಿ ನಿಂತರೆ, "ಯಾರಪ್ಪಾ ನೀನು? ಮುಖ ನೋಡಿ ಒಂದು ಯುಗ ಆತು" ಅನ್ನುತ್ತಾಳೆ. ಯುಗ ಅಂದರೆ ಹಿಂದಿನ ಮಂಗಳವಾರ.

ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ನನಗೆ ಕಂಡಿದ್ದನ್ನೆಲ್ಲ ಅನುಮಾನಿಸುವ ಚಟ ಹತ್ತಿತು. ರಜೆಗೆ ಬಂದಾಗ ದೊಡ್ಡಮ್ಮನ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಎದುರಿಗೆ ಅವುಗಳ ನಿಜವಾದ ಅಳತೆ ಬರೆಯುತ್ತಿದ್ದೆ. ಸಾವಿರ ಸಲ ಹೇಳಿದೀನಿ: ಎರಡು ಸಲ. ಊರಿಗೆ ಊರೇ ನಗ್ತಾ ಇತ್ತು: ಎದುರು ಮನೆಯಾಕೆ ಮತ್ತು ಅವಳ ಸೊಸೆ. ಕಾಲಿಗೆ ಬಿದ್ದು ಬೇಡಿಕೊಂಡೆ: ಫೋನ್ ಮಾಡಿ ಕೇಳಿದಳು. ಆ ನೋಟ್‌ಬುಕ್ ಈಗ ನನ್ನ ಹತ್ತಿರ ಇಲ್ಲ. "ಎಲ್ಲಿತ್ತು ಅಣ್ಣ ನೋಟ್‌ಬುಕ್ಕು? ಬಸ್ ಟಿಕೆಟ್ ಹಿಂದುಗಡೆ ನೀನು ಎರಡು ಸಾಲು ಬರ್ಕೊಂಡಿದ್ದೆ, ಅಷ್ಟೇ" ಅನ್ನುತ್ತಾಳೆ ದೊಡ್ಡಮ್ಮನ ಮಗಳು, ಅಂದರೆ ನನ್ನ ತಂಗಿ. ಅವಳು ಹೇಳುವುದೇ ಸರಿ ಇರಬಹುದು. ಈಚೆಗೆ ನನ್ನ ನೆನಪೂ ದೊಡ್ಡಮ್ಮನ ಹಾಗೇ ಮಾತಾಡಲು ಶುರು ಮಾಡಿದೆಯೇನೋ ಎಂಬ ಗುಮಾನಿ ನನಗಿದೆ. ಆದ್ದರಿಂದ ಮುಂದೆ ಬರೆಯುವುದನ್ನು ಓದುವವರೂ ಸ್ವಲ್ಪ ಕೈ ಬಿಗಿ ಹಿಡಿದೇ ನಂಬಬೇಕು.

ಆಗ ನನಗೆ ಕಾಣದೆ ಹೋದದ್ದು ಕೇಳುವವರ ಕಿವಿ. ದೊಡ್ಡಮ್ಮನ ತಲೆ ಎರಡು ಹೋಳಾಯಿತು ಅಂದರೆ ಪಕ್ಕದ ಮನೆಯಾಕೆ ಗಾಬರಿಯಾಗುತ್ತಿರಲಿಲ್ಲ. "ಚಾ ಕುಡಿದ್ಯಾ ಅಕ್ಕ, ಇಲ್ಲ?" ಅನ್ನುತ್ತಿದ್ದಳು. ಆ ತಲೆಗೆ ಸರಿಯಾದ ಔಷಧ ಅದೇ. ಹೇಳುವವರು ಒಂದಕ್ಕೆ ಇನ್ನೊಂದು ಸೇರಿಸುತ್ತಾರೆ, ಕೇಳುವವರು ಸೇರಿಸಿದ್ದನ್ನು ಕಳೆದುಬಿಡುತ್ತಾರೆ. ಕೊನೆಗೆ ಇದ್ದದ್ದು ಇದ್ದಷ್ಟೇ ಬಂದು ಇಬ್ಬರ ನಡುವೆ ಕೂರುತ್ತದೆ. ಹೀಗಾಗಿ ನಮ್ಮ ಕಡೆ ಯಾರೂ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ, ಯಾರೂ ಮೋಸ ಹೋದಂತೆಯೂ ಆಗುವುದಿಲ್ಲ. ಯಾರಾದರೂ ಇದ್ದದ್ದನ್ನು ಇದ್ದಂತೆ ಹೇಳಿದರೆ ಮಾತ್ರ ಎಲ್ಲ ಎಡವಟ್ಟಾಗುತ್ತದೆ. ಹಾಗೆ ಹೇಳಿದವನು ನಾನು.

ತಂಗಿ ಚನ್ನಗಿರಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನಾ ನಲ್ಲೂರಿನ ಹೈಸ್ಕೂಲಿಗೆ ಹೋಗಿ ಗಣಿತ ಕಲಿಸುತ್ತಿದ್ದಳು. ನಾನು ಚನ್ನಗಿರಿಯಲ್ಲೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಅವಳಿಗೆ ಮೂವತ್ತೊಂದು. ಚುನಾವಣೆ ತರಬೇತಿಗೆ ಹೋದಾಗ ಜಗಳೂರು ಕಡೆಯ ಒಬ್ಬ ಮೇಷ್ಟರು ಪಕ್ಕದ ಕುರ್ಚಿಯಲ್ಲಿ ಕೂತಿದ್ದರಂತೆ. ಮತಯಂತ್ರಕ್ಕೆ ಅರಗಿನ ಸೀಲು ಹಾಕುವಾಗ ಅವರ ಬೆರಳು ಸುಟ್ಟಿತಂತೆ. ಇವಳು ತನ್ನ ನೀರಿನ ಬಾಟಲಿ ಕೊಟ್ಟಳಂತೆ. ಇಬ್ಬರೂ ಒಪ್ಪಿಕೊಂಡು ಎರಡು ವರ್ಷವಾಗಿತ್ತು. ಆ ಎರಡು ವರ್ಷವೂ ಹುಡುಗನ ಮನೆಯವರನ್ನು ಒಪ್ಪಿಸುವುದರಲ್ಲೇ ಕಳೆದಿತ್ತು. ಹುಡುಗನಿಗೆ ತಂದೆ ಇಲ್ಲ. ತಾಯಿಯ ತಮ್ಮ, ಅಂದರೆ ಸೋದರಮಾವ, ಹೇಳಿದ್ದೇ ಆ ಮನೆಯಲ್ಲಿ ಕೊನೆಯ ಮಾತು. ಅಂತೂ ಅವರು, "ಆಗಲಿ, ಹುಡುಗಿ ಕಡೆ ಹೋಗಿ ವಿಚಾರಿಸ್ಕೊಂಡು ಬರ್ತೀನಿ" ಅನ್ನುವ ಮಟ್ಟಕ್ಕೆ ಬಂದರು.

ವಿಚಾರಿಸುವುದು ನಮ್ಮಲ್ಲಿ ಒಂದು ಶಾಸ್ತ್ರ. ಹೆಣ್ಣು ನೋಡುವುದಕ್ಕೆ ಮೊದಲು ಗಂಡಿನ ಕಡೆಯ ಒಬ್ಬ ಹಿರಿಯರು ಹುಡುಗಿ ಇರುವ ಊರಿಗೆ ಬಂದು ನಾಲ್ಕು ಜನರನ್ನು ಕೇಳುತ್ತಾರೆ. ಆ ನಾಲ್ಕು ಜನಕ್ಕೆ ಇವರು ಬರುವುದು ಮೊದಲೇ ಗೊತ್ತಿರುತ್ತದೆ, ಅವರಿಗೆ ಗೊತ್ತಿದೆ ಅನ್ನುವುದು ಇವರಿಗೂ ಗೊತ್ತಿರುತ್ತದೆ. ಆದರೂ ಇಬ್ಬರೂ ಅಕಸ್ಮಾತ್ ಸಿಕ್ಕಂತೆ ಮಾತಾಡಬೇಕು.

ಹುಡುಗನ ಮಾವ ಕೊನೆಗೆ ನನ್ನ ಹತ್ತಿರ ಬಂದರು. ಚನ್ನಗಿರಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತೆವು. ಬಿಳಿ ಅಂಗಿ, ಹೆಗಲ ಮೇಲೆ ಟವಲು, ನಿಧಾನ ಮಾತು. ಜಗಳೂರಿನಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ, ಕುರಿ ಸಾಕಿದ್ದಾರೆ. ಕುರಿ ಕೊಳ್ಳುವಾಗ ನೋಡುವಂತೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಹಾಗಂತ ನನಗೆ ನೆನಪು.

"ಹೆಡ್ ಮೇಷ್ಟ್ರು ನಮ್ಮ ಶಾಲೆಯ ಕಣ್ಣು ಅಂದ್ರು," ಅಂದರು. "ಮನೆ ಓನರಮ್ಮ ಸಾಕ್ಷಾತ್ ದೇವತೆ ಅಂದ್ರು. ನೀವು ಅಣ್ಣ ಆಗ್ಬೇಕು, ಮ್ಯಾಲೆ ಓದಿದೋರು. ನೀವೇನಂತೀರಿ?"

ಅದು ನನ್ನ ಪಾಲಿನ ಹೆಮ್ಮೆಯ ಗಳಿಗೆ. ಇಷ್ಟು ದೂರದಿಂದ ಬಂದ ಹಿರಿಯರಿಗೆ ಒಬ್ಬನಾದರೂ ಸರಿಯಾದ ಮಾಹಿತಿ ಕೊಡಬೇಕೆಂದು ನಿರ್ಧರಿಸಿದೆ.

"ಒಳ್ಳೆ ಹುಡುಗಿ," ಅಂದೆ.

ಅವರು ಕಾದರು. "ಆಮ್ಯಾಕೆ?"

"ಅಷ್ಟೇ. ಒಳ್ಳೆ ಹುಡುಗಿ."

"ಅಡುಗೆ ಗಿಡುಗೆ?"

"ಮಾಡ್ತಾಳೆ. ತಿನ್ನಬಹುದು."

"ಸಿಟ್ಟು ಗಿಟ್ಟು?"

"ಎಲ್ಲರಿಗೂ ಬರೋ ಹಾಗೆ ಅವಳಿಗೂ ಬರುತ್ತೆ."

ಅವರು ಚಹಾದ ಲೋಟವನ್ನು ಮೇಜಿನ ಮೇಲೆ ಇಟ್ಟರು. "ಮೈಯಾಗೆ ಆರಾಮೈತಲ್ವಾ?"

"ಆರಾಮಿದಾಳೆ. ಮಳೆಗಾಲದಲ್ಲಿ ಒಂದು ಸಲ ಶೀತ ಆಗುತ್ತೆ. ಕನ್ನಡಕ ಹಾಕ್ತಾಳೆ."

ಅವರು ಲೋಟವನ್ನು ಮತ್ತೆ ಎತ್ತಲಿಲ್ಲ. "ನಿಮ್ಮಿಂದ ಭಾಳ ಉಪಕಾರ ಆತು" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಿನಲ್ಲಿ ನೀರಿತ್ತು ಅಂತ ನನಗೆ ನೆನಪಿದೆ. ಆದರೆ ಪಕ್ಕದಲ್ಲೇ ಮೆಣಸಿನಕಾಯಿ ಕರಿಯುತ್ತಿದ್ದರು, ಆದ್ದರಿಂದ ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ನಾನು ಮಾತ್ರ ನಿಜದ ಗೆಲುವಿನಿಂದ ಎದೆಯುಬ್ಬಿಸಿಕೊಂಡು ಮನೆಗೆ ಹೋದೆ.

ಮರುದಿನ ಹೊನ್ನಾಳಿಯಿಂದ ಫೋನ್ ಬಂತು. ದೊಡ್ಡಮ್ಮ ಮಾತಾಡಲಿಲ್ಲ, ಬರೀ ಉಸಿರಾಡಿದಳು. ಅವಳು ಸುಮ್ಮನಿರುವುದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಅವಳು ಹೇಳಿದ, ಜಗಳೂರಿನಿಂದ ಬಂದ ಸುದ್ದಿಯ ಸಾರಾಂಶ ಇಷ್ಟು: ಹುಡುಗಿಗೆ ಯಾವುದೋ ಗುಣವಾಗದ ಕಾಯಿಲೆ ಇದೆ, ಮಳೆಗಾಲ ಬಂದರೆ ಹಾಸಿಗೆ ಹಿಡಿಯುತ್ತಾಳೆ, ಕಣ್ಣು ಕಾಣುವುದಿಲ್ಲ, ಸಿಟ್ಟು ಬಂದರೆ ಕಟ್ಟಿ ಹಾಕಬೇಕಾಗುತ್ತದೆ, ಪಾಪ, ಅಣ್ಣನೊಬ್ಬನೇ ಬಾಯಿಬಿಟ್ಟು ಹೇಳಲಾಗದೆ ಸೂಕ್ಷ್ಮವಾಗಿ ತಿಳಿಸಿದ. ಹುಡುಗನ ಕಡೆಯವರು ಈ ಸಂಬಂಧ ಬೇಡ ಅಂದಿದ್ದರು.

"ನಾನು ಹಾಗೆ ಹೇಳೇ ಇಲ್ಲ ದೊಡ್ಡಮ್ಮ!"

"ಏನ್ ಹೇಳ್ದೆ?"

"ಒಳ್ಳೆ ಹುಡುಗಿ ಅಂದೆ."

"ಅಯ್ಯೋ ನಿನ್ನ! ಬಾಡಿಗೆ ಮನೆಯಾಕೆ ದೇವತೆ ಅಂದ್ಲು. ಅದ್ರಾಗೆ ಅರ್ಧ ಕಳೆದು ಅವ್ರು ಒಳ್ಳೆ ಹುಡುಗಿ ಅಂದ್ಕೊಂಡ್ರು. ಒಡಹುಟ್ಟಿದೋನ ಹಂಗೆ ಇರೋ ನೀನು ಬರೀ ಒಳ್ಳೆ ಹುಡುಗಿ ಅಂದ್ರೆ, ಅರ್ಧ ಕಳೆದ ಮ್ಯಾಲೆ ಏನು ಉಳೀತೈತೆ? ಹೇಳು ಪ್ರೊಫೆಸರ್ರೇ, ಏನು ಉಳೀತೈತೆ?"

ನಾನು ಪ್ರೊಫೆಸರ್ ಅಲ್ಲ. ಅದನ್ನು ತಿದ್ದುವ ಸಮಯ ಅದಾಗಿರಲಿಲ್ಲ.

ಸಂಜೆ ತಂಗಿಯ ಮನೆಗೆ ಹೋದೆ. ಅವಳು ಕಿರುಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದಳು. ಬೈಯಲಿಲ್ಲ, ಅಳಲಿಲ್ಲ. ನಾನು ಅರ್ಧ ಗಂಟೆ ಕೂತಿದ್ದೆ. ಅಷ್ಟು ಹೊತ್ತೂ ಅವಳ ಕೈಯಲ್ಲಿ ಅದೇ ಒಂದು ಪತ್ರಿಕೆ ಇತ್ತು. ಒಂದೇ ಲೆಕ್ಕಕ್ಕೆ ಕೆಂಪು ಗೆರೆ ಎಳೆದು, ಅದರ ಮೇಲೇ ಮತ್ತೆ ಎಳೆಯುತ್ತಿದ್ದಳು. ಕೊನೆಗೆ ತಲೆ ಎತ್ತದೆ ಅಂದಳು: "ಅವರು ಮನೇಲಿ ಒಪ್ಪಿಸಾಕೆ ಎರಡು ವರ್ಷ ಹಿಡೀತು ಅಣ್ಣ. ನೀನು ಒಂದು ಚಾ ಕುಡಿಯೋದ್ರೊಳಗೆ ಮುಗಿಸ್ದೆ."

ಒಂದು ಚಹಾ ಅಲ್ಲ, ಅರ್ಧ ಚಹಾ. ಅದನ್ನೂ ತಿದ್ದಲಿಲ್ಲ.

ಕೆಡಿಸಿದವನೇ ಹೋಗಿ ಸರಿಮಾಡಬೇಕೆಂದು ದೊಡ್ಡಮ್ಮ ತೀರ್ಪು ಕೊಟ್ಟಳು. ಜಗಳೂರಿಗೆ ಹೋಗಬೇಕು, ಮಾವನ ಮುಂದೆ ಕೂತು ಹುಡುಗಿಯನ್ನು ಆಕಾಶಕ್ಕೆ ಏರಿಸಬೇಕು. ಅದಕ್ಕೆ ಮೊದಲು ಹೊನ್ನಾಳಿಗೆ ಕರೆಸಿಕೊಂಡು ನನಗೆ ಪಾಠ ಮಾಡಿದಳು.

"ಆಕಿ ಅಡುಗೆ ಹೆಂಗೈತೆ? ಹೇಳು ನೋಡಾಣ."

"ತುಂಬಾ ಚೆನ್ನಾಗಿರುತ್ತೆ."

"ಇದು ಹೊಗಳಿಕೆನೋ, ಸತ್ತೋರ ಬಗ್ಗೆ ಮಾತಾಡ್ತಿದ್ದೀಯೋ? ಆಕಿ ಸಾರು ಮಾಡಿದ್ರೆ ಮೂರು ಬೀದಿಗೆ ವಾಸನೆ ಹೋಗ್ತೈತೆ ಅನ್ನು."

"ಮೂರು ಬೀದಿಗೆ ಹೇಗೆ ಹೋಗುತ್ತೆ ದೊಡ್ಡಮ್ಮ? ಗಾಳಿ ಯಾವ ಕಡೆಗಿದೆ ಅನ್ನೋದೂ..."

ದೊಡ್ಡಮ್ಮ ಎದ್ದು ಒಳಗೆ ಹೋದಳು. ತಲೆ ಹೋಳಾಗಿರಬೇಕು.

ಆಗ, ನನ್ನ ಜೊತೆ ಹೊನ್ನಾಳಿಗೆ ಬಂದಿದ್ದ ತಂಗಿ, "ನಾನೂ ಬರ್ತೀನಿ" ಅಂದಳು. ಒಳಗಿನಿಂದ ಪಾತ್ರೆ ಬಿದ್ದ ಸದ್ದಾಯಿತು. ಮಾತುಕತೆ ಆಗುವ ಮೊದಲೇ ಹುಡುಗಿ ತಾನಾಗಿ ಗಂಡಿನ ಕಡೆಯವರ ಮನೆ ಹೊಸ್ತಿಲು ತುಳಿಯುವುದು ನಮ್ಮಲ್ಲಿ ಕಂಡಿದ್ದಿಲ್ಲ, ಕೇಳಿದ್ದಿಲ್ಲ. "ಮುರಿದು ಬಿದ್ದಿರೋದು ಇನ್ನೇನು ಮುರಿಯುತ್ತೆ?" ಅಂದಳು ತಂಗಿ.

ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಜಗಳೂರಿನ ಬಸ್ಸಿನಲ್ಲಿ ಕೂತೆವು. ದಾರಿಯುದ್ದಕ್ಕೂ ಅವಳು ನನ್ನನ್ನು ಪಳಗಿಸಿದಳು.

"ಬಿಸಿಲು ಹೆಂಗೈತೆ ಅಣ್ಣ?"

"ಜಾಸ್ತಿ ಇದೆ."

"ಅಣ್ಣಾ!"

"ನೆತ್ತಿ ಮೇಲೆ ರೊಟ್ಟಿ ಬೇಯಿಸಬಹುದು."

"ಹಾಂ!"

"ಅಂದ್ರೆ, ಅಷ್ಟು ಶಾಖಕ್ಕೆ ನಿಜವಾಗಿ ಹಿಟ್ಟು ಬೇಯಲ್ಲ..."

ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಹೊರಗೆ ಮೆಕ್ಕೆಜೋಳದ ಹೊಲ ಮುಗಿಯುತ್ತಲೇ ಇರಲಿಲ್ಲ. (ಮುಗಿಯಿತು. ಆಮೇಲೆ ಶೇಂಗಾ ಹೊಲ ಬಂತು.)

ಮಾವನ ಮನೆ ಊರಿನ ಅಂಚಿನಲ್ಲಿ. ಅಂಗಳದಲ್ಲಿ ಮೆಕ್ಕೆಜೋಳ ಒಣಗಲು ಹರವಿದ್ದರು, ಅದರ ಮೇಲೆ ಕಾಲಿಡದಂತೆ ಗೋಡೆ ಹಿಡಿದು ಒಳಗೆ ಹೋದೆವು. ತಂಗಿಯನ್ನು ಕಂಡು ಅವರು ಅವಾಕ್ಕಾದರು. ಆದರೂ ನಮ್ಮ ಕಡೆ ಬೇಡವಾದ ಸಂಬಂಧದವರಿಗೂ ಬೇಡ ಅನ್ನುವ ಮುಂಚೆ ಮಂಡಕ್ಕಿ ಒಗ್ಗರಣೆ ಕೊಡುತ್ತಾರೆ. ಮಾವನ ಹೆಂಡತಿ ಎರಡು ತಟ್ಟೆ ತಂದಿಟ್ಟು, ತಂಗಿಯ ಕಣ್ಣನ್ನು ಬಗ್ಗಿ ನೋಡಿ, ಅಡುಗೆಮನೆಯ ಬಾಗಿಲಲ್ಲಿ ನಿಂತುಕೊಂಡರು. ಕಣ್ಣು ಕಾಣದ ಹುಡುಗಿ ಮಂಡಕ್ಕಿಯಲ್ಲಿ ಮೆಣಸಿನಕಾಯಿ ಹೆಕ್ಕಿ ಪಕ್ಕಕ್ಕಿಡುತ್ತಿದ್ದುದು ಅವರಿಗೆ ಗೊಂದಲವಾಗಿರಬೇಕು.

ನಾನು ಗಂಟಲು ಸರಿಮಾಡಿಕೊಂಡೆ.

"ಅವತ್ತು ನಾನು ಸರಿಯಾಗಿ ಹೇಳಲಿಲ್ಲ. ನಮ್ಮ ಹುಡುಗಿ ಸಾರು ಮಾಡಿದ್ರೆ ಮೂರು ಬೀದಿಗೆ ಪರಿಮಳ ಬರುತ್ತೆ. ಮೂರು ಅಂದರೆ, ಬೀದಿ ಸಣ್ಣವು."

ಮಾವ ತಲೆಯಾಡಿಸಿದರು.

"ಸಿಟ್ಟು ಅನ್ನೋದು ಅವಳ ಜನ್ಮದಲ್ಲೇ ಇಲ್ಲ. ಅಂದರೆ, ನಾನು ನೋಡಿದ ಮಟ್ಟಿಗೆ. ಒಂದೆರಡು ಸಲ ಬಿಟ್ಟರೆ."

"ಒಂದೆರಡು ಸಲ," ಅಂದರು ಮಾವ, ಬಹಳ ಮೆತ್ತಗೆ.

"ಆರೋಗ್ಯ ಕಲ್ಲುಗುಂಡು! ಕಲ್ಲುಗುಂಡಿಗೂ ಸವೆತ ಇದ್ದೇ ಇರುತ್ತೆ, ಆದರೆ..."

ನನ್ನ ಪ್ರತಿ ಮಾತಿಗೂ ಅವರ ಮುಖದಲ್ಲಿ ಕನಿಕರ ಹೆಚ್ಚುತ್ತಿತ್ತು. ಹೇಳಿಕೊಟ್ಟ ಮಾತನ್ನು ಒಪ್ಪಿಸಲಾರದೆ ಒದ್ದಾಡುತ್ತಿರುವ ಪ್ರಾಮಾಣಿಕ ಅಣ್ಣನನ್ನು ಅವರು ಕಂಡರು. ಅವರು ಕಂಡದ್ದು ಸರಿಯಾಗೇ ಇತ್ತು. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಅದು ಮಾತು ಮುಗಿಯಿತು ಅನ್ನುವ ಸೂಚನೆ.

ಆಗ ತಂಗಿ ತಟ್ಟೆ ಕೆಳಗಿಟ್ಟಳು.

"ಮಾವ, ನಮ್ಮಣ್ಣ ಎಲ್ಲಾ ಮುಚ್ಚಿಡ್ತಾನೆ. ನಾನೇ ಹೇಳ್ತೀನಿ ಕೇಳ್ರಿ. ನನ್ನ ಸಿಟ್ಟು ಸಾಮಾನ್ಯದ್ದಲ್ಲ. ನಾನು ನಲ್ಲೂರಾಗೆ ಕೂಗಿದ್ರೆ ಬಸವಾಪಟ್ಟಣದಾಗೆ ಎತ್ತು ಹಗ್ಗ ಕಿತ್ಕೊಂಡು ಓಡ್ತಾವೆ."

ಮಾವನ ಟವಲು ಹೆಗಲಿಂದ ಅರ್ಧ ಜಾರಿತು. "ಏ, ಅಷ್ಟೊಂದು ಇರಲ್ಲ ಬಿಡವ್ವ."

"ಐತ್ರಿ ಮಾವ. ಹೋದ ವರ್ಷ ಸಿಟ್ಟು ಬಂದು ಬಾಗಿಲು ಹಾಕಿದ್ದಕ್ಕೆ ಸ್ಕೂಲಿನ ಹೆಂಚೆಲ್ಲಾ ಉದುರಿದ್ವು. ಮಕ್ಕಳಿಗೆ ಮೂರು ದಿನ ಮರದ ಕೆಳಗೆ ಪಾಠ."

"ಹಳೇ ಹೆಂಚಿರ್ತಾವೆ," ಅಂದರು ಮಾವ. "ಗಾಳಿಗೂ ಉದುರ್ತಾವೆ. ಅದಕ್ಕೆ ನೀನೇನು ಮಾಡ್ತೀಯ?"

"ಅಡುಗೆ ಅಂತೂ ಕೇಳಬ್ಯಾಡ್ರಿ. ನಾನು ತಟ್ಟಿದ ರೊಟ್ಟಿ ಮುರಿಯಾಕೆ ಸುತ್ತಿಗೆ ಬೇಕು. ಹೊನ್ನಾಳಿ ಸೇತುವೆಗೆ ಕಲ್ಲು ಕಡಿಮೆ ಬಿದ್ದಾಗ ನನ್ನ ರೊಟ್ಟಿ ಇಟ್ಟು ಮುಗಿಸಿದ್ರಂತೆ."

ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಮೊದಮೊದಲು ನಂದೂ ಹಂಗೇ ಆಗ್ತಿತ್ತು," ಎಂಬ ಮಾತು ಸೆರಗಿನ ಹಿಂದಿನಿಂದ ಬಂತು. "ಇವ್ರು ತಿಂದ್ರಲ್ಲ, ಸತ್ರಾ?"

"ಸಾಯ್ತಿದ್ದೆ," ಅಂದರು ಮಾವ ತಿರುಗದೆ. ಆಮೇಲೆ ತಂಗಿಗೆ, "ಕಲೀತೀಯ ಬಿಡು. ಮತ್ತೆ ಆ ಕಾಯಿಲೆ?"

"ಅದೇ ದೊಡ್ಡದು ಮಾವ. ನಾನು ಒಂದು ಸಲ ಸೀನಿದ್ರೆ ನ್ಯಾಮತಿ ತನಕ ಕರೆಂಟ್ ಹೋಗ್ತೈತೆ."

ಈ ಸೀನಿನ ಮಾತು ಅವಳು ಆಡಿದಳೋ, ಆಮೇಲೆ ನಾನೇ ಹತ್ತಾರು ಮನೆಗಳಲ್ಲಿ ಕತೆ ಹೇಳುವಾಗ ಸೇರಿಸಿದೆನೋ, ಗೊತ್ತಿಲ್ಲ. ಅವಳನ್ನು ಕೇಳಿದರೆ, ಹೆಂಚು ತಾನು ಹೇಳಿದ್ದು ನಿಜ, ಸೇತುವೆ ನಿಜ, ಸೀನು ಮಾತ್ರ ನನ್ನ ಸೃಷ್ಟಿ ಅನ್ನುತ್ತಾಳೆ. ಆದರೆ ಮಾವ ಅದಕ್ಕೆ ಕೊಟ್ಟ ಉತ್ತರ ನನ್ನ ಕಿವಿಯಲ್ಲಿ ಇನ್ನೂ ಇದೆ. ಪ್ರಶ್ನೆ ಇಲ್ಲದೆ ಉತ್ತರ ಹೇಗೆ ಇರುತ್ತದೆ?

"ಶೀತ ಯಾರಿಗಾಗಲ್ಲ? ಮಳೆಗಾಲದಾಗೆ ಒಂದು ಸಲ ಆಗ್ತೈತೆ, ಹೋಗ್ತೈತೆ. ಸಿಟ್ಟೂ ಅಷ್ಟೇ. ಎಲ್ಲರಿಗೂ ಬರೋ ಹಂಗೆ ನಿನಗೂ ಬರ್ತೈತೆ."

ನನಗೆ ತಡೆಯಲಾಗಲಿಲ್ಲ. "ಅದನ್ನೇ ನಾನು ಅವತ್ತು..." ಎಂದು ಬಾಯಿ ತೆರೆದೆ. ತಂಗಿ ನನ್ನ ಕಾಲಿನ ಮೇಲೆ ತನ್ನ ಹಿಮ್ಮಡಿ ಇಟ್ಟು ಒತ್ತಿದಳು. ಆ ನೋವಿನ ಬಗ್ಗೆ ನಾನು ಏನು ಬರೆದರೂ ಉತ್ಪ್ರೇಕ್ಷೆಯಾಗುವುದಿಲ್ಲ.

ಹೀಗೆ ಕಾಲು ಗಂಟೆ ನಡೆಯಿತು. ಅವಳು ತನ್ನ ಮೇಲೆ ಒಂದೊಂದೇ ದೂರು ಹೊರಿಸುವುದು, ಅವರು ಒಂದೊಂದನ್ನೂ ಕಡಿದು ಚಿಕ್ಕದು ಮಾಡಿ ಅವಳ ಪರ ವಾದಿಸುವುದು. ನಾನು ವಿಶ್ವವಿದ್ಯಾಲಯದಲ್ಲಿ ಭಾಷೆಯ ಬಗ್ಗೆ ಓದಿದ್ದೆ. ನನ್ನ ತಂಗಿ ಗಣಿತದವಳು. ಎದುರಿನವರು ಹೇಗೂ ಕಳೆಯುತ್ತಾರೆ ಅಂದರೆ, ಕಳೆಯಬೇಕಾದ್ದನ್ನೇ ಅವರ ಮುಂದೆ ಗುಡ್ಡೆ ಹಾಕಬೇಕು ಎನ್ನುವುದು ಅವಳಿಗೆ ಬಸ್ಸಿನ ಕಿಟಕಿಯಲ್ಲೇ ಹೊಳೆದಿತ್ತಂತೆ.

ಹೊರಡುವಾಗ ಮಾವ ತಂಗಿಯನ್ನು ಮುಂದೆ ಬಿಟ್ಟು ನನ್ನ ಮೊಣಕೈ ಹಿಡಿದು ಬಾಗಿಲ ಹಿಂದೆ ನಿಲ್ಲಿಸಿದರು. ಮುಖದಲ್ಲಿ ನಗು ಇರಲಿಲ್ಲ.

"ಆಕಿ ಮಾತು ಬಿಡ್ರಿ, ಆಕಿ ಚುರುಕು. ನಾನು ಕೇಳೋದು ಬ್ಯಾರೆ. ನಮ್ಮ ಹುಡುಗ ಎರಡು ವರ್ಷದಿಂದ ಇದೊಂದೇ ಹಿಡಿದು ಕುಂತಾನೆ. ಬ್ಯಾಡ ಅಂದ ದಿನದಿಂದ ನಮ್ಮಕ್ಕನ ಹತ್ರ ಮಾತಾಡಿಲ್ಲ. ಆಕಿಗೂ ಹಂಗೈತಾ? ಇಲ್ಲಾ ಇದು ನಮ್ಮ ಹುಡುಗನ ಒಬ್ಬನದೇ ಹಠಾನಾ?"

ನಾನು ಯೋಚಿಸಿದೆ. ಒಬ್ಬರ ಮನಸ್ಸಿನೊಳಗೆ ಏನಿದೆ ಅನ್ನುವುದಕ್ಕೆ ಇನ್ನೊಬ್ಬರು ಸಾಕ್ಷಿ ಹೇಳಲಾಗದು. ನನ್ನ ಹತ್ತಿರ ಇದ್ದದ್ದು ಒಂದು ಸಂಜೆ, ಒಂದು ಉತ್ತರ ಪತ್ರಿಕೆ, ಒಂದರ ಮೇಲೊಂದು ಎಳೆದ ಕೆಂಪು ಗೆರೆ. ಅದನ್ನು ಹಾಗೇ ಹೇಳಿದ್ದರೆ ಅವರು, ಹುಡುಗಿಗೆ ಮಾರ್ಕ್ಸ್ ಕೊಡುವುದು ಬರುವುದಿಲ್ಲ ಅಂದುಕೊಳ್ಳುತ್ತಿದ್ದರು.

"ಅವರ ಮೇಲೆ ಜೀವಾನೇ ಇಟ್ಕೊಂಡಿದಾಳ್ರೀ," ಅಂದೆ.

ಅಂದವನು ಕಾದೆ. ಹಿಂದೆಯೇ "ಅಂದರೆ" ಅನ್ನುವ ಪದ ಬರಬೇಕಿತ್ತು. ಬಾಯಿ ತೆರೆದೇ ಇತ್ತು, ಬರಲಿಲ್ಲ. ಮಾವ ನನ್ನನ್ನು ನೋಡುತ್ತಾ ನಿಂತರು. ಒಳಗೊಳಗೆ ಎಷ್ಟು ಕಳೆದರೋ, ಕಳೆದ ಮೇಲೆ ಎಷ್ಟು ಉಳಿಯಿತೋ, ನನಗೆ ತಿಳಿಯಲಿಲ್ಲ. ಜೇಬಿನಿಂದ ಫೋನ್ ತೆಗೆದು ಕಣ್ಣಿಗೆ ದೂರ ಹಿಡಿದು ನಂಬರು ಹುಡುಕಿದರು.

ನಾನು ಗೋಡೆ ಹಿಡಿದುಕೊಂಡು ಅಂಗಳ ದಾಟಿದೆ. ತಂಗಿ ರಸ್ತೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು.

"ಏನ್ ಕೇಳಿದ್ರು?"

"ಏನೋ ಕೇಳಿದ್ರು."

"ನೀನೇನ್ ಹೇಳ್ದೆ ಅಣ್ಣ? ಇದ್ದಿದ್ದು ಇದ್ದಂಗೆ ಹೇಳಿಲ್ಲ ತಾನೆ?"

"ಇಲ್ಲ. ಸ್ವಲ್ಪ ಜಾಸ್ತಿ ಹೇಳಿಬಿಟ್ಟೆ."

ಹೇಳಿದ್ದನ್ನು ಅವಳಿಗೂ ಹೇಳಿದೆ. ಮನೆಯೊಳಗಿನಿಂದ ಮಾವನ ಧ್ವನಿ ರಸ್ತೆಗೇ ಕೇಳುತ್ತಿತ್ತು: "ಅಕ್ಕಾ, ಹುಡುಗಿ ಅಪ್ಪಟ ಬಂಗಾರ! ಇಂಥಾಕಿ ನಮ್ಮ ತಾಲೂಕಿನಾಗೇ ಇಲ್ಲ! ಅಣ್ಣ ಮಾತ್ರ ಸ್ವಲ್ಪ ಹೆಂಗೆಂಗೋ ಅದಾನೆ, ಅದಕ್ಕೇನು ಮಾಡಾಕಾಗ್ತೈತೆ?"

ತಂಗಿ ಆ ಕಡೆ ನೋಡಲಿಲ್ಲ. ಕನ್ನಡಕ ತೆಗೆದು ವೇಲಿನ ತುದಿಯಿಂದ ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು.

"ನೀನು ಹೇಳಿದ್ದೇನು ಜಾಸ್ತಿ ಅಲ್ಲ ಅಣ್ಣ," ಅಂದಳು.